ಜ್ವರಮಾಪಕ ಹೇಳದ ಮಾತು

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಜ್ವರಮಾಪಕವಿರಲಿಲ್ಲ. ಅಮ್ಮ ಹಣೆಯ ಮೇಲೆ ಅಂಗೈಯಿಟ್ಟು "ಮೈ ಸುಡುತ್ತಿದೆ" ಎಂದರೆ ಅಂದು ಶಾಲೆಗೆ ರಜೆ, ಊಟಕ್ಕೆ ಗಂಜಿ. ಆ ಅಂಗೈಯ ಜಾಗಕ್ಕೆ ಗಾಜಿನ ಕೊಳವೆ ಬಂದ ಕಥೆಯನ್ನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರ ಉತ್ತರಾರ್ಧವನ್ನು ಮಾತ್ರ ಹೇಳಿರಲಿಲ್ಲ.

17ನೆಯ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ಸಾಂಕ್ಟೋರಿಯಸ್ ದೇಹದ ಶಾಖವನ್ನು ಉಪಕರಣದಿಂದ ಅಳೆಯಲು ತೊಡಗಿದನು. 1714ರಲ್ಲಿ ಫ್ಯಾರನ್‌ಹೀಟ್ ಪಾದರಸದ ಉಷ್ಣಮಾಪಕವನ್ನು ರೂಪಿಸಿದನು. ಆದರೂ 19ನೆಯ ಶತಮಾನದ ಮಧ್ಯಭಾಗದಲ್ಲಿಯೂ ವೈದ್ಯರ ಉಷ್ಣಮಾಪಕ ಸುಮಾರು ಒಂದು ಅಡಿ ಉದ್ದವಿದ್ದು, ಶಾಖ ತೋರಿಸಲು 20 ನಿಮಿಷ ಹಿಡಿಯುತ್ತಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಆಲ್ಬಟ್ ಅದನ್ನು 6 ಅಂಗುಲಕ್ಕೂ 5 ನಿಮಿಷಕ್ಕೂ ಇಳಿಸಿದನು. 1868ರಲ್ಲಿ ಜರ್ಮನಿಯ ವುಂಡರ್ಲಿಕ್ ಸುಮಾರು 25,000 ರೋಗಿಗಳ ಅಳತೆಗಳನ್ನು ಆಧರಿಸಿದ ಗ್ರಂಥವನ್ನು ಪ್ರಕಟಿಸಿದನು. 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್ ಎಂಬ ಅಂಕಿ ಮನೆಮಾತಾದದ್ದು ಅವನಿಂದ. ಜ್ವರವೇ ರೋಗವಲ್ಲ, ರೋಗದ ಲಕ್ಷಣ ಎಂಬುದು ಅವನ ಮುಖ್ಯ ಬೋಧನೆ. ನಾವು ಅಂಕಿಯನ್ನು ಉಳಿಸಿಕೊಂಡೆವು, ಬೋಧನೆಯನ್ನು ಮರೆತೆವು.

ನಾನೂ ಮರೆತಿದ್ದೆ. ಒಂದು ಮಳೆಗಾಲ, ನಾಲ್ಕು ದಿನ ಜ್ವರದಿಂದ ಮಲಗಿದ್ದ ಬಾಲಕನೊಬ್ಬ ಶಾಲೆಗೆ ಬಂದನು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. "ಜ್ವರ ಬಿಟ್ಟಿದೆಯಲ್ಲ, ಕುಳಿತುಕೋ" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ಮುದುಡಿ ಕುಳಿತದ್ದನ್ನು ಗಮನಿಸಿದವರು ನಾನಲ್ಲ, ನಮ್ಮ ಶಾಲೆಯ ಜವಾನರು. ಆಸ್ಪತ್ರೆಗೆ ಒಯ್ದಾಗ ಡೆಂಗಿ ಎಂದು ತಿಳಿಯಿತು. ಡೆಂಗಿಯಲ್ಲಿ ಅಪಾಯದ ಗಳಿಗೆ ಅನೇಕ ವೇಳೆ ಜ್ವರ ಇಳಿಯುವಾಗಲೇ ತೊಡಗುತ್ತದೆ ಎಂಬುದನ್ನು ಅಂದು ವೈದ್ಯರಿಂದ ಕಲಿತೆ. ಹುಡುಗ ಉಳಿದನು. ನನ್ನ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಆರೋಗ್ಯ ಕಾರ್ಯಕರ್ತರಿಗಾಗಿ ರೂಪಿಸಿದ ಕ್ರಮದಲ್ಲಿ ಮೊದಲ ಪ್ರಶ್ನೆಗಳು ಅಂಕಿಯನ್ನು ಕುರಿತವಲ್ಲ. ಮಗು ಹಾಲು, ನೀರು ಕುಡಿಯುತ್ತಿದೆಯೇ? ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದೆಯೇ? ಫಿಟ್ಸ್ ಬಂದಿತ್ತೇ? ಎಬ್ಬಿಸಿದರೂ ಏಳದಷ್ಟು ಮಂಕಾಗಿದೆಯೇ? ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟದ ಕಷ್ಟ, ಬಿಗಿದ ಕತ್ತು, ರಕ್ತಸ್ರಾವ, ತೀವ್ರ ಹೊಟ್ಟೆನೋವು ಕಂಡಾಗಲೂ ಹಾಗೆಯೇ.

ಅಂಕಿಯೇ ನಿರ್ಣಾಯಕವಾಗುವುದು ಹಸುಗೂಸುಗಳಲ್ಲಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಬೇರಾವ ಲಕ್ಷಣವಿಲ್ಲದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ಅಂಥ ಕೂಸಿನ ಮೈ ಅಸಹಜವಾಗಿ ತಣ್ಣಗಾಗುವುದೂ ಅಪಾಯದ ಸೂಚನೆಯೇ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಯರಾಗಿದ್ದೀರಿ. ಜ್ವರಮಾಪಕ ಮನೆಯಲ್ಲಿರಲಿ. ಆದರೆ ಅದನ್ನು ಓದಿದ ಮೇಲೆ ಮಗುವಿನ ಮುಖವನ್ನೂ ಒಮ್ಮೆ ನೋಡಿ. ಅಮ್ಮ ಹಣೆ ಮುಟ್ಟುವಾಗ ನೋಡುತ್ತಿದ್ದುದು ನಮ್ಮ ಮುಖವನ್ನೇ.