ನೆಂಟನಾದ ವಾದ್ಯ

ಆಳಂದದ ಸೀಮೆಯ ನಮ್ಮ ಜಿಡಗಾದಲ್ಲಿ ಭಜನೆಯೆಂದರೆ ಏಕತಾರಿ, ತಾಳ, ಹಾರ್ಮೋನಿಯಂ. ಆ ಪೆಟ್ಟಿಗೆಯ ಆಸರೆಯಿಲ್ಲದೆ ಕಡಕೋಳದ ಮಡಿವಾಳಪ್ಪನವರ ತತ್ವಪದ ಏಳುವುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇ ಇಲ್ಲ. 1842ರಲ್ಲಿ ಪ್ಯಾರಿಸ್ಸಿನ ಡೆಬೆಯ್ನ್ ಎಂಬಾತ ಅದಕ್ಕೆ ಪೇಟೆಂಟು ಪಡೆದನೆಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಸ್ವರದಿಂದ ಸ್ವರಕ್ಕೆ ಜಾರಲಾರದ ವಾದ್ಯವೆಂಬ ಆಕ್ಷೇಪದಿಂದ ನಮ್ಮ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ನಡೆಯಿತು. ನಮ್ಮ ಭಜನೆಯವರು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇದು ನೆನಪಾದದ್ದು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ. ಪಾಠ ಮುಗಿದ ಮೇಲೆ ಆತ ಸ್ಯಾಕ್ಸೋಫೋನಿನ ಮುದ್ರಿಕೆಯೊಂದನ್ನು ಕೇಳಿಸಿ, "ಸರ, ಇದು ನಮ್ಮ ಸಂಗೀತ ಹೌದೇನ್ರಿ?" ಎಂದ. 2008ರಲ್ಲಿ ಬಂದ 'ಕಿನ್ಸ್‌ಮೆನ್' ಅದು, ನೆಂಟರು ಎಂದರ್ಥ. ರಚಿಸಿದವರು ರುದ್ರೇಶ ಮಹಾಂತಪ್ಪ. ನಮ್ಮ ಕಡೆ ಓಣಿಗೊಬ್ಬ ಮಹಾಂತಪ್ಪ ಸಿಕ್ಕಾನು. ಇವರು ಮಾತ್ರ 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊದಲ್ಲಿ ಬೆಳೆದು, ಜಾಜ್ ಸಂಗೀತದಲ್ಲಿ ಹೆಸರಾದವರು.

ಅವರೊಡನೆ ನುಡಿಸಿದವರು ಕದ್ರಿ ಗೋಪಾಲನಾಥರು. ನಾಗಸ್ವರ ವಿದ್ವಾಂಸರ ಮಗನಾದ ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತರು. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪೇಟೆಂಟು ಪಡೆದ ಆ ವಾದ್ಯಕ್ಕೂ ಪ್ಯಾರಿಸ್ಸೇ ತವರು. ಅದರ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ಕರ್ನಾಟಕ ಸಂಗೀತದ ಪ್ರಾಣವಾದ ಗಮಕ ಸ್ವರಗಳ ನಡುವಿನ ದಾರಿಯಲ್ಲಿದೆ. ಆ ದಾರಿಯನ್ನು ಉಸಿರು, ತುಟಿ, ಬೆರಳುಗಳಿಂದ ತೆರೆಯಲು ಅವರಿಗೆ ದೀರ್ಘಕಾಲದ ಸಾಧನೆ ಬೇಕಾಯಿತು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು; 2019ರಲ್ಲಿ ತೀರಿಕೊಂಡರು.

ಪಿಟೀಲು, ಮೃದಂಗಗಳ ಪಕ್ಕದಲ್ಲಿ ಗಿಟಾರು, ಡ್ರಮ್ಮುಗಳಿರುವ ಆ ಮುದ್ರಿಕೆಯಲ್ಲಿ ನನಗೆ ಹಿಡಿಸಿದ್ದು ಒಂದು ಮರ್ಯಾದೆ. ಕದ್ರಿಯವರು ರಾಗ ಬಿಟ್ಟು ಜಾಜಿನವರಂತೆ ನಟಿಸುವುದಿಲ್ಲ. ಮಹಾಂತಪ್ಪನವರೂ ಕಚೇರಿಯ ವಿದ್ವಾಂಸರ ವೇಷ ತೊಡುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ತಮ್ಮ ನುಡಿಯಲ್ಲೇ ಉತ್ತರ ಕೊಡುತ್ತಾರೆ. ಎರಡು ಬಣ್ಣ ಕಲಸಿ ಮೂರನೆಯದನ್ನು ಮಾಡುವುದು ಸುಲಭ. ಎರಡನ್ನೂ ಉಳಿಸಿಕೊಂಡು ಒಂದು ಬಟ್ಟೆ ನೇಯುವುದು ಕಷ್ಟ.

ವಾದ್ಯದ ತವರನ್ನು ಕೇಳುತ್ತ ಕುಳಿತಿದ್ದರೆ ನಮ್ಮೂರ ಭಜನೆ ಎಂದೋ ಬಡವಾಗುತ್ತಿತ್ತು. ಹಾಗೆಂದು ಬಂದದ್ದೆಲ್ಲ ನಮ್ಮದಾಗುವುದಿಲ್ಲ. ಅದು ನಮ್ಮ ಕಷ್ಟದ ಮಾತನ್ನು ಕಲಿಯಬೇಕು, ಅದನ್ನು ಕಲಿಸುವ ತಾಳ್ಮೆ ನಮಗಿರಬೇಕು.

"ನಮ್ಮದು ಹೌದಪ್ಪ," ಎಂದೆ ಹುಡುಗನಿಗೆ, "ಆದರೆ ನಮ್ಮದಷ್ಟೇ ಅಲ್ಲ."