ಜೌಗು ಪ್ರದೇಶಗಳ ಮಹತ್ವ ಮತ್ತು ಸಂರಕ್ಷಣೆ: ಶಾಲಾ ವಿದ್ಯಾರ್ಥಿಗಳ ಕಲಿಕೆಗೆ ಮಾಹಿತಿ

ವರ್ಷವಿಡೀ ಅಥವಾ ಕೆಲವು ತಿಂಗಳು ಮಾತ್ರ ನೀರು ನಿಲ್ಲುವ ಭೂಮಿಯನ್ನು ಜೌಗು ಪ್ರದೇಶವೆಂದು ಕರೆಯಲಾಗುತ್ತದೆ. ಕೆರೆ, ಸರೋವರ, ಅಳಿವೆ ಮತ್ತು ಕಾಂಡ್ಲಾ ಕಾಡುಗಳು ಇದರಲ್ಲಿ ಸೇರಿವೆ. ಇವುಗಳ ರಕ್ಷಣೆಗಾಗಿ 1971ರ ಫೆಬ್ರವರಿ 2ರಂದು ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವು 1982ರಲ್ಲಿ ಇದಕ್ಕೆ ಸೇರಿತು. ಪ್ರತಿ ವರ್ಷ ಫೆಬ್ರವರಿ 2ನ್ನು ವಿಶ್ವ ಜೌಗು ಪ್ರದೇಶ ದಿನವಾಗಿ ಆಚರಿಸಲಾಗುತ್ತದೆ.

ರಾಜ್ಯದ ರಾಮ್ಸಾರ್ ತಾಣಗಳು

1. ರಂಗನತಿಟ್ಟು ಪಕ್ಷಿಧಾಮ, ಮಂಡ್ಯ ಜಿಲ್ಲೆ: ಕಾವೇರಿ ನದಿಯ ನಡುಗಡ್ಡೆಗಳು. 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು.
2. ಮಾಗಡಿ ಕೆರೆ, ಗದಗ ಜಿಲ್ಲೆ: ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಚಳಿಗಾಲವನ್ನು ಕಳೆಯುತ್ತವೆ.
3. ಅಂಕಸಮುದ್ರ, ವಿಜಯನಗರ ಜಿಲ್ಲೆ: ಕೆರೆಯೊಳಗಿನ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ.
4. ಅಘನಾಶಿನಿ ಅಳಿವೆ, ಉತ್ತರ ಕನ್ನಡ ಜಿಲ್ಲೆ: ಮೀನು ಹಾಗೂ ಚಿಪ್ಪುಮೀನುಗಳಿಂದ ಅನೇಕ ಕುಟುಂಬಗಳ ಜೀವನ ಸಾಗುತ್ತದೆ. ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯಲಾಗುತ್ತದೆ.

ಮಾಗಡಿ, ಅಂಕಸಮುದ್ರ ಮತ್ತು ಅಘನಾಶಿನಿ 2024ರಲ್ಲಿ ಪಟ್ಟಿಗೆ ಸೇರಿದವು.

ವಿದ್ಯಾರ್ಥಿಗಳು ಅರಿಯಬೇಕಾದ ಮುಖ್ಯ ಅಂಶ

ಮೇಲಿನ ತಾಣಗಳ ಪೈಕಿ ಮಾಗಡಿ ಮತ್ತು ಅಂಕಸಮುದ್ರ ಎರಡೂ ಜನರೇ ಕಟ್ಟಿದ ಕೆರೆಗಳು. ಆದುದರಿಂದ ಜೌಗು ಪ್ರದೇಶದ ಪಾಠವನ್ನು ತಮ್ಮ ಊರಿನ ಕೆರೆಯಿಂದಲೇ ಆರಂಭಿಸುವುದು ಸೂಕ್ತ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳವು ಪಾಳು ಭೂಮಿಯಲ್ಲ. ಮಳೆ ಬಂದಾಗ ಅದೇ ಅಂಗಳವು ನೆರೆಯ ನೀರನ್ನು ಹಿಡಿದಿಟ್ಟು, ಸುತ್ತಲಿನ ಬಾವಿಗಳಿಗೆ ಅಂತರ್ಜಲವನ್ನು ಒದಗಿಸುತ್ತದೆ. ಅಲ್ಲಿ ಮಣ್ಣು ತುಂಬಿ ಕಟ್ಟಡ ಕಟ್ಟಿದಲ್ಲಿ ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ.

ಕಾನೂನಿನ ರಕ್ಷಣೆ

ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017ರ ಪ್ರಕಾರ ರಾಮ್ಸಾರ್ ತಾಣಗಳಲ್ಲಿ ಹಾಗೂ ಅಧಿಸೂಚಿತ ಜೌಗು ಪ್ರದೇಶಗಳಲ್ಲಿ ಒತ್ತುವರಿ, ಘನತ್ಯಾಜ್ಯ ಸುರಿಯುವುದು, ಸಂಸ್ಕರಿಸದ ಕೊಳಚೆ ನೀರನ್ನು ಬಿಡುವುದು ಮತ್ತು ಬೇಟೆಯನ್ನು ನಿಷೇಧಿಸಲಾಗಿದೆ. ಆದರೆ ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ನಿರ್ಮಿಸಿದ ಜಲಾಶಯಗಳು ಈ ನಿಯಮಗಳ ವ್ಯಾಖ್ಯೆಯಿಂದ ಹೊರಗಿವೆ. ರಾಜ್ಯದ ಕೆರೆಗಳ ರಕ್ಷಣೆಗೆ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವಿದೆ.

ಶಾಲೆಗಳು ಕೈಗೊಳ್ಳಬಹುದಾದ ಚಟುವಟಿಕೆಗಳು

- ಕೆರೆಯ ಏರಿ, ತೂಬು, ಕೋಡಿ ಹಾಗೂ ನೀರು ತರುವ ಹಳ್ಳಗಳನ್ನು ಗುರುತಿಸಿ ನಕ್ಷೆ ಬರೆಯುವುದು.
- ಮಳೆಗಾಲದ ನಂತರ ಮತ್ತು ಬೇಸಿಗೆಯಲ್ಲಿ ನೀರಿನ ಮಟ್ಟ ಹಾಗೂ ಹಕ್ಕಿಗಳ ಸಂಖ್ಯೆಯನ್ನು ದಾಖಲಿಸುವುದು.
- ಕೆರೆಯ ಹಿಂದಿನ ವಿಸ್ತೀರ್ಣದ ಬಗ್ಗೆ ಊರಿನ ಹಿರಿಯರನ್ನು ವಿಚಾರಿಸುವುದು.

ವಿದ್ಯಾರ್ಥಿಗಳು ಶಿಕ್ಷಕರ ಜೊತೆಯಲ್ಲಿಯೇ ನೀರಿನ ಬಳಿಗೆ ಹೋಗತಕ್ಕದ್ದು. ಪಕ್ಷಿಧಾಮಗಳ ಭೇಟಿಗೆ ಮುಂಚಿತವಾಗಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ಒತ್ತುವರಿ ಕಂಡುಬಂದಲ್ಲಿ ಸರ್ವೆ ನಂಬರನ್ನು ನಮೂದಿಸಿ ತಹಶೀಲ್ದಾರರಿಗೆ ಲಿಖಿತ ದೂರು ಸಲ್ಲಿಸಬಹುದು.