ಮರಗಣತಿಯ ಹಳೆಯ ಅಂಕಿಗಳ ತಿದ್ದುಪಡಿ

ಕಾಡಿನ ಅವೇ ಮರಗಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆದಾಗ ಬಯಲಾಗುವ ಹಿಂದಿನ ಗಣತಿಯ ತಪ್ಪುಗಳನ್ನು ಕಂಪ್ಯೂಟರ್ ಕೋಡ್ ಬರೆದು ಸರಿಪಡಿಸುವ ಕ್ರಮವಿದು. ಪನಾಮಾದ ಬಾರೊ ಕೊಲರಾಡೊ ದ್ವೀಪದ 50 ಹೆಕ್ಟೇರ್ ತಾಕಿನಲ್ಲಿ 1980ರ ದಶಕದ ಆರಂಭದಿಂದ ಇಂಥ ಗಣತಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ಮುದುಮಲೆಯ ಕಾಡಿನಲ್ಲಿ ಅಷ್ಟೇ ವಿಸ್ತಾರದ ತಾಕನ್ನು ಗುರುತಿಸಿತು. ಎರಡೂ ಕಡೆ 1 ಸೆಂ.ಮೀ. ದಪ್ಪದ ಗಿಡಕ್ಕೂ ಒಂದು ಸಂಖ್ಯೆಯುಂಟು.

ತಪ್ಪುಗಳು ಹಲವು ಬಗೆ. ದಶಮಾಂಶ ಬಿಂದು ಜಾರಿ 23.5 ಎಂಬುದು 235 ಆಗಿರುತ್ತದೆ. ಸತ್ತಿದೆ ಎಂದು ಬರೆದ ಮರ ಮುಂದಿನ ಗಣತಿಯಲ್ಲಿ ಚಿಗುರಿ ನಿಂತಿರುತ್ತದೆ. ಕೋಡ್ ಪ್ರತಿ ಮರದ ದಾಖಲೆಗಳನ್ನು ದಿನಾಂಕದಂತೆ ಜೋಡಿಸಿ, ಕಾಂಡದ ವ್ಯಾಸ ವರ್ಷಕ್ಕೆ ಎಷ್ಟು ಬೆಳೆಯಿತೆಂದು ಲೆಕ್ಕಹಾಕಿ, ನಂಬಲಾಗದ್ದನ್ನು ಎತ್ತಿ ತೋರಿಸುತ್ತದೆ. ಬಾರೊ ಕೊಲರಾಡೊ ದತ್ತಾಂಶಕ್ಕೆ ಬಳಸುವ, ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡ್‌ನಲ್ಲಿ ವರ್ಷಕ್ಕೆ 75 ಮಿ.ಮೀ. ಮೀರಿದ ಬೆಳವಣಿಗೆಯನ್ನು ಕೈಬಿಡುವ ನಿಯಮವಿದೆ. ನಡುವಿನ ಒಂದು ಅಳತೆ ಮಾತ್ರ ಕೆಟ್ಟಿದ್ದರೆ ಹಿಂದಿನ, ಮುಂದಿನ ಅಳತೆಗಳಿಂದ ಅದನ್ನು ಅಂದಾಜಿಸಬಹುದು.

ಎಲ್ಲ ತಪ್ಪನ್ನೂ ಹೀಗೆ ಸರಿಪಡಿಸಲಾಗದು. ಬಾರೊ ಕೊಲರಾಡೊದ ಮೊದಲ ಎರಡು ಗಣತಿಗಳಲ್ಲಿ 55 ಮಿ.ಮೀ.ಗಿಂತ ತೆಳುವಾದ ಕಾಂಡಗಳ ಅಳತೆಯನ್ನು 5ರ ಗುಣಕಕ್ಕೆ ಇಳಿಸಿ ಬರೆದಿದ್ದರು. 1990ರಿಂದ ಮಿಲಿಮೀಟರ್ ನಿಖರತೆ ಬಂತು. ಎರಡನ್ನೂ ನೇರವಾಗಿ ಹೋಲಿಸಿದರೆ ಎಳೆಯ ಗಿಡಗಳು ಇದ್ದುದಕ್ಕಿಂತ ವೇಗವಾಗಿ ಬೆಳೆದಂತೆ ಕಾಣುತ್ತದೆ. ಕಳೆದುಹೋದ ಮಿಲಿಮೀಟರುಗಳನ್ನು ಯಾವ ಕೋಡೂ ಮರಳಿ ತರಲಾರದು. ಆದ್ದರಿಂದ ಆ ಹೋಲಿಕೆಗಾಗಿ ಹೊಸ ಅಳತೆಯನ್ನೇ 5ರ ಗುಣಕಕ್ಕೆ ಇಳಿಸುತ್ತಾರೆ. ಹಳೆಯ ಅಂಕಿಗೆ ಇಲ್ಲದ ನಿಖರತೆಯನ್ನು ಹಚ್ಚದ ಈ ದಾರಿ ಪ್ರಾಮಾಣಿಕವಾದದ್ದು.

ಬುಡದಲ್ಲಿ ಹಲಗೆಯಂತೆ ಬೇರು ಚಾಚುವ ದೊಡ್ಡ ಮರಗಳು ಇನ್ನೊಂದು ತೊಡಕು. ಸಾಮಾನ್ಯವಾಗಿ ಕಾಂಡವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಬೇರು ಮೇಲೇರಿದರೆ ಅಳತೆಯ ಜಾಗವೂ ಏರುತ್ತದೆ. ಮೇಲೆ ಕಾಂಡ ಸಣ್ಣದು, ಹಾಗಾಗಿ ಬೆಳೆದ ಮರವೇ ಕುಗ್ಗಿದಂತೆ ದಾಖಲಾಗುತ್ತದೆ. ಕಾಂಡ ಸಣ್ಣದಾಗುತ್ತ ಹೋಗುವ ಪ್ರಮಾಣವನ್ನು ಸೂತ್ರಕ್ಕಿಳಿಸಿ ಹಳೆಯ, ಹೊಸ ಅಳತೆಗಳನ್ನು ಒಂದೇ ಎತ್ತರಕ್ಕೆ ತರಬೇಕು. ಕಾಡಿನ ಮರಗಳಲ್ಲಿರುವ ಇಂಗಾಲದ ದೊಡ್ಡ ಪಾಲು ಇಂಥ ಹೆಮ್ಮರಗಳಲ್ಲಿ ಇರುವುದರಿಂದ ಇಲ್ಲಿ ಎಡವಿದರೆ ಇಡೀ ತಾಕಿನ ಲೆಕ್ಕ ಕೆಡುತ್ತದೆ.

ಕುಗ್ಗಿದ್ದೆಲ್ಲ ತಪ್ಪೂ ಅಲ್ಲ. ಬೇಸಿಗೆಯಲ್ಲಿ ತೊಗಟೆ ಒಣಗಿ ಉದುರಿದಾಗ ಮರ ನಿಜವಾಗಿ ತುಸು ತೆಳುವಾಗುತ್ತದೆ. ಕುಗ್ಗುವಿಕೆಯನ್ನಷ್ಟೇ ತಿದ್ದಿ ಅತಿ ಬೆಳವಣಿಗೆಯನ್ನು ಹಾಗೇ ಬಿಡುವ ಕೋಡ್ ಕಾಡಿನ ಬೆಳವಣಿಗೆಯನ್ನು ಉಬ್ಬಿಸಿ ತೋರಿಸುತ್ತದೆ. ತಿದ್ದಿದ ಮೌಲ್ಯ, ಕಾರಣ, ದಿನಾಂಕಗಳು ಬೇರೆ ಅಂಕಣಗಳಲ್ಲಿ ಇರಬೇಕು. ಕಾಡಿನಲ್ಲಿ ಬರೆದುಕೊಂಡ ಮೂಲ ಅಂಕಿಯನ್ನು ಎಂದಿಗೂ ಅಳಿಸಬಾರದು.